ಮಂಜುಗಡ್ಡೆ ಹರಿಯುತ್ತದೆ, ಶಾಮೊನಿಗೆ ಹೋದರೆ ಕಾಣುತ್ತದೆ

2020ರ ಜುಲೈ. ಫ್ರಾನ್ಸ್‌ನ ಆಲ್ಪ್ಸ್ ಪರ್ವತಗಳ ನಡುವಿನ ಶಾಮೊನಿ ಎಂಬ ಪುಟ್ಟ ಊರಿನ ಪಕ್ಕದಲ್ಲಿ, ಬೊಸೋಂ ಹಿಮನದಿಯ ಮೇಲೆ ಒದ್ದೆಯಾದ ಕೆಲವು ದಿನಪತ್ರಿಕೆಗಳು ಸಿಕ್ಕವು. ನಮ್ಮ ದೇಶದ ಪತ್ರಿಕೆಗಳು. ಮುಖಪುಟದಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿ. 1966ರ ಜನವರಿಯ ಸಂಚಿಕೆಗಳು ಅವು. ಒಣಹಾಕಿದರೆ ಅಕ್ಷರ ಚೆನ್ನಾಗಿಯೇ ಓದಲು ಬರುತ್ತಿತ್ತು.

ಅವು ಬಂದದ್ದು ಏರ್ ಇಂಡಿಯಾದ 'ಕಾಂಚನಜುಂಗಾ' ವಿಮಾನದಿಂದ. 1966ರ ಜನವರಿ 24ರ ಬೆಳಗ್ಗೆ ಜಿನೀವಾದಲ್ಲಿ ಇಳಿಯಬೇಕಿದ್ದ ಆ ಬೋಯಿಂಗ್ 707 ಶಾಮೊನಿಯ ನೆತ್ತಿಯ ಮೇಲಿರುವ ಮೋಂ ಬ್ಲಾಂ ಪರ್ವತಕ್ಕೆ ಬಡಿಯಿತು. ನಮ್ಮ ಪತ್ರಿಕೆಗಳು ಮೌಂಟ್ ಬ್ಲಾಂಕ್ ಎಂದು ಬರೆಯುವುದು ಇದನ್ನೇ. 117 ಜನ ಸತ್ತರು. ಅವರಲ್ಲಿ ಹೋಮಿ ಭಾಭಾ ಕೂಡ ಇದ್ದರು. ಬೆಂಗಳೂರಿನವರಿಗೆ ಭಾಭಾ ದೂರದವರಲ್ಲ. 1939ರಿಂದ ಕೆಲವು ವರ್ಷ ಅವರು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ), ಸಿ.ವಿ. ರಾಮನ್ ಇದ್ದ ಭೌತವಿಜ್ಞಾನ ವಿಭಾಗದಲ್ಲಿ ಕಾಸ್ಮಿಕ್ ಕಿರಣಗಳ ಬೆನ್ನು ಹತ್ತಿದ್ದರು. ಆಮೇಲೆ ಮುಂಬೈಗೆ ಹೋದ, ಮೂಲವಿಜ್ಞಾನ ಸಂಶೋಧನೆಯ ಟಿಐಎಫ್‌ಆರ್ ಸಂಸ್ಥೆ 1945ರಲ್ಲಿ ಶುರುವಾದದ್ದು ಆ ಆವರಣದಲ್ಲೇ.

ಆ ಹಿಮನದಿಯಿಂದ ಏನಾದರೂ ಹೊರಬಂದಾಗಲೆಲ್ಲ ಮೊಬೈಲ್‌ನಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ. "ಐವತ್ತು ವರ್ಷ ಸಿಗದ ವಸ್ತು ಈಗ ಹೇಗೆ ಸಿಕ್ಕಿತು? ವಿಮಾನ ಬಿದ್ದದ್ದು ತುದಿಯಲ್ಲಿ, ಪತ್ರಿಕೆ ಸಿಕ್ಕಿದ್ದು ಬುಡದಲ್ಲಿ. ಯಾರೋ ತಂದು ಹಾಕಿದ್ದಾರೆ." ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಾರೂ ತಂದು ಹಾಕಿಲ್ಲ. ಹಿಮನದಿಯೇ ಹೊತ್ತು ತಂದಿದೆ. 'ಹಿಮನದಿ' ಎಂಬ ನಮ್ಮ ಪದದಲ್ಲೇ ಉತ್ತರ ಇದೆ. ಅದು ನದಿ. ಹರಿಯುತ್ತದೆ.

ಗಟ್ಟಿ ಮಂಜುಗಡ್ಡೆ ಹರಿಯುವುದು ಹೇಗೆ? ಫ್ರಿಜ್‌ನಿಂದ ತೆಗೆದ ತುಂಡು ನೆಲಕ್ಕೆ ಬಿದ್ದರೆ ಒಡೆದು ಚೂರಾಗುತ್ತದೆ, ಅಲ್ವಾ? ಅದನ್ನು ನೋಡಿಯೇ ನಾವು ಮೋಸ ಹೋಗುವುದು.

ಕಮ್ಮಾರನ ಕುಲುಮೆಯನ್ನು ನೆನೆಸಿಕೊಳ್ಳಿ. ತಣ್ಣಗಿನ ಕಬ್ಬಿಣ ಬಗ್ಗುವುದಿಲ್ಲ. ಕೆಂಪಗೆ ಕಾದರೆ ಬಗ್ಗುತ್ತದೆ. ಕರಗಿಲ್ಲ, ಇನ್ನೂ ಗಟ್ಟಿಯೇ, ಆದರೂ ಹೇಳಿದ ಹಾಗೆ ಕೇಳುತ್ತದೆ. ಒಂದು ವಸ್ತು ಕರಗುವ ಬಿಸಿಗೆ ಹತ್ತಿರ ಬಂದಷ್ಟೂ ಮೆತ್ತಗಾಗುತ್ತದೆ. ಈಗ ಮೈನಸ್ 5 ಡಿಗ್ರಿಯ ಮಂಜುಗಡ್ಡೆ ನೋಡಿ. ಕೈಗೆ ಕೊರೆಯುವಷ್ಟು ತಣ್ಣಗಿದೆ. ಆದರೆ ಕರಗಲು ಐದೇ ಡಿಗ್ರಿ ಬಾಕಿ. ಕಬ್ಬಿಣ ಕರಗುವುದು 1538 ಡಿಗ್ರಿಗೆ. ಎಲ್ಲ ಬಿಸಿಯೂ ಮುಗಿಯುವ ಮೈನಸ್ 273 ಡಿಗ್ರಿಯಿಂದ ಎಣಿಸಿ ಹೋಲಿಸಿದರೆ, ಈ ಮಂಜುಗಡ್ಡೆ ಸುಮಾರು 1500 ಡಿಗ್ರಿಗೆ ಕಾದ ಕಬ್ಬಿಣದ ಹಾಗೆ! ಯಾವ ಕಮ್ಮಾರನೂ ಅಷ್ಟು ಕಾಯಿಸುವುದಿಲ್ಲ. ನಮಗೆ ತಣ್ಣಗೆ ಕಾಣುವ ಮಂಜುಗಡ್ಡೆ, ತನ್ನ ಲೆಕ್ಕದಲ್ಲಿ ಕುಲುಮೆಯೊಳಗೇ ಇದೆ.

ಒಳಗೆ ನಡೆಯುವುದೇನು? ಮಂಜುಗಡ್ಡೆಯ ಹರಳಿನಲ್ಲಿ ನೀರಿನ ಅಣುಗಳು ಆರು ಮೂಲೆಯ ಹಾಳೆಗಳಾಗಿ ಒಂದರ ಮೇಲೊಂದು ಕೂತಿರುತ್ತವೆ. ಇಸ್ಪೀಟಿನ ಕಟ್ಟಿನ ಹಾಗೆ. ಕಟ್ಟನ್ನು ಮೇಲಿನಿಂದ ಒತ್ತಿದರೆ ಕುಗ್ಗುವುದಿಲ್ಲ. ಪಕ್ಕಕ್ಕೆ ತಳ್ಳಿದರೆ ಎಲೆಗಳು ಜಾರುತ್ತವೆ. ಇಳಿಜಾರಿನಲ್ಲಿ ನೂರಾರು ಮೀಟರ್ ದಪ್ಪದ ಮಂಜುಗಡ್ಡೆ ಕೂತರೆ ಅದರ ಭಾರವೇ ಈ ಎಲೆಗಳನ್ನು ತಳ್ಳುತ್ತದೆ. ಮಲೆನಾಡಿನ ಜೋನಿಬೆಲ್ಲ ಚಳಿಗಾಲದಲ್ಲಿ ಡಬ್ಬಿ ಓರೆ ಮಾಡಿದರೆ ಹೇಗೆ ನಿಧಾನಕ್ಕೆ ಇಳಿಯುತ್ತದೋ ಹಾಗೆ ಇಡೀ ರಾಶಿ ಇಳಿಯುತ್ತದೆ.

ಜೋನಿಬೆಲ್ಲಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ, ನನಗೆ ತುಂಬ ಇಷ್ಟವಾದದ್ದು. ಬೆಲ್ಲವನ್ನು ಎರಡು ಪಟ್ಟು ಜೋರಾಗಿ ತಳ್ಳಿದರೆ ಎರಡು ಪಟ್ಟು ಬೇಗ ಹರಿಯುತ್ತದೆ. ಮಂಜುಗಡ್ಡೆ ಎಂಟು ಪಟ್ಟು! ಮೂರು ಪಟ್ಟು ತಳ್ಳಿದರೆ ಇಪ್ಪತ್ತೇಳು ಪಟ್ಟು. ಜಾನ್ ಗ್ಲೆನ್ ಎಂಬ ಭೌತವಿಜ್ಞಾನಿ ಪ್ರಯೋಗಶಾಲೆಯಲ್ಲಿ ಮಂಜುಗಡ್ಡೆಗೆ ಭಾರ ಹೇರಿ ಹೇರಿ ನೋಡಿ 1955ರಲ್ಲಿ ಈ ನಿಯಮ ಪ್ರಕಟಿಸಿದರು. ಫ್ರಿಜ್‌ನ ತುಂಡಿನ ಮೇಲೆ ಭಾರವೇ ಇಲ್ಲ, ಅದಕ್ಕೇ ಅದು ಹರಿಯುವುದು ಕಾಣುವುದಿಲ್ಲ. ಹಿಮನದಿಯ ಮೇಲಿನ ಮೂವತ್ತು ನಲವತ್ತು ಮೀಟರ್ ಕೂಡ ಹಾಗೆಯೇ, ಹೊರೆ ಕಡಿಮೆ. ಆ ಪದರ ಬಾಗುವ ಬದಲು ಒಡೆಯುತ್ತದೆ. ಚಾರಣಿಗರನ್ನು ನುಂಗುವ ಬಿರುಕುಗಳು ಅಲ್ಲೇ ಆಗುವುದು. ಜೊತೆಗೆ ತಳದಲ್ಲಿ ಕರಗಿದ ನೀರು ಸೇರಿದರೆ ಇಡೀ ಹಿಮನದಿ ಬಂಡೆಯ ಮೇಲೆ ಜಾರುತ್ತದೆ.

ಈ ವಿಜ್ಞಾನ ಹುಟ್ಟಿದ್ದರಲ್ಲಿ ಶಾಮೊನಿಯ ಪಾಲು ದೊಡ್ಡದು. 1644ರಲ್ಲಿ ಅಲ್ಲಿನ ಹಿಮನದಿಗಳು ಬೆಳೆದು ಮನೆ, ಹೊಲಗಳ ಹತ್ತಿರ ಬಂದಾಗ ಜನ ಇದು ಪಾಪದ ಫಲ ಎಂದು ನಂಬಿದರು. ಜಿನೀವಾದ ಬಿಷಪ್‌ರನ್ನು ಕರೆಸಿ, ಮೆರವಣಿಗೆ ಹೋಗಿ, ಹಿಮನದಿಗಳ ಮುಂದೆ ಪ್ರಾರ್ಥನೆ ಮಾಡಿಸಿದರು. ಆಮೇಲೆ ಅವು ಸ್ವಲ್ಪ ಹಿಂದೆ ಸರಿದವು, ನಂಬಿಕೆ ಇನ್ನೂ ಗಟ್ಟಿಯಾಯಿತು. ಆದರೆ 1820ರ ಸುಮಾರಿಗೆ ಮತ್ತೆ ಮನೆ ಬಾಗಿಲ ತನಕ ಬಂದವು. ಮೋಂ ಬ್ಲಾಂ ಪಕ್ಕದ ಒಂದು ಶಿಖರದ ಹೆಸರು ಇವತ್ತಿಗೂ 'ಶಾಪದ ಬೆಟ್ಟ' ಎಂದೇ. ಆ ಜನರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅವರ ಬಳಿ ಅಳತೆ ಇರಲಿಲ್ಲ. ಇವತ್ತು ಅಳತೆ ಇದ್ದೂ ಸುಳ್ಳು ಹಂಚುವುದು ಹೆಚ್ಚು ನೋವಿನ ವಿಷಯ.

ಅಳತೆ ಬಂದದ್ದು ನಿಧಾನಕ್ಕೆ. 1741ರಲ್ಲಿ ವಿಂಡಮ್ ಎಂಬ ಆಂಗ್ಲ ಪ್ರವಾಸಿ ಇಲ್ಲಿನ ದೊಡ್ಡ ಹಿಮನದಿಯನ್ನು ಗಾಳಿಗೆ ಅಲೆಯೆದ್ದು ಥಟ್ಟನೆ ಹೆಪ್ಪುಗಟ್ಟಿದ ಸರೋವರಕ್ಕೆ ಹೋಲಿಸಿದ. ಮೇರ್ ದ ಗ್ಲಾಸ್, ಅಂದರೆ 'ಮಂಜುಗಡ್ಡೆಯ ಸಮುದ್ರ', ಎಂದು ಇವತ್ತು ಕರೆಯುವುದು ಅದನ್ನೇ. 1760ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ಮೋಂ ಬ್ಲಾಂ ಹತ್ತಿದವರಿಗೆ ಬಹುಮಾನ ಸಾರಿದರು. 1786ರ ಆಗಸ್ಟ್ 8ರಂದು ಶಾಮೊನಿಯವರೇ ಆದ ವೈದ್ಯ ಪಕಾರ್ ಮತ್ತು ಬಲ್ಮಾ ಹತ್ತಿದರು. 1788ರಲ್ಲಿ ಸೊಸ್ಯೂರ್ ಮೇರ್ ದ ಗ್ಲಾಸ್‌ನ ಮೇಲ್ಭಾಗದಲ್ಲಿ ಒಂದು ಏಣಿ ಬಿಟ್ಟು ಬಂದರು. ಅದರ ತುಂಡುಗಳು 1832ರಲ್ಲಿ ಸಿಕ್ಕವು, ನಾಲ್ಕು ಕಿಲೋಮೀಟರಿಗೂ ಜಾಸ್ತಿ ಕೆಳಗೆ. ವರ್ಷಕ್ಕೆ ಸುಮಾರು ನೂರು ಮೀಟರ್ ಆಯಿತು.

1842ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಫೋರ್ಬ್ಸ್ ಅಲ್ಲೇ ಥಿಯೊಡೊಲೈಟ್ ಎಂಬ ಕೋನ ಅಳೆಯುವ ಉಪಕರಣ ನಿಲ್ಲಿಸಿ ಅಳೆದರು. ಮಂಜುಗಡ್ಡೆ ಹಗಲೂ ರಾತ್ರಿ ಚಲಿಸುತ್ತದೆ, ಅಂಚಿಗಿಂತ ನಡುಭಾಗ ಬೇಗ ಚಲಿಸುತ್ತದೆ. ಥೇಟ್ ಹೊಳೆಯ ಹಾಗೆ. ಮೇರ್ ದ ಗ್ಲಾಸ್ ಮೇಲೆ ಕಪ್ಪು ಬಿಳಿ ಪಟ್ಟೆಗಳಿವೆ, ಬಿಲ್ಲಿನ ಹಾಗೆ ಕೆಳಕ್ಕೆ ಬಾಗಿದವು. ಮೇಲಿನ ಕಡಿದಾದ ಜಾಗದಿಂದ ಮಂಜುಗಡ್ಡೆ ಇಳಿಯುವಾಗ ವರ್ಷಕ್ಕೊಂದು ಜೋಡಿ ಪಟ್ಟೆ ಆಗುತ್ತದೆ. ನಡುಭಾಗ ಮುಂದೆ ಓಡುವುದರಿಂದ ಅದು ಬಾಗುತ್ತದೆ. ಮರದ ಉಂಗುರ ಎಣಿಸಿದ ಹಾಗೆ ವರ್ಷ ಎಣಿಸಬಹುದು.

ಬೊಸೋಂನಲ್ಲಿ ಫೋರ್ಬ್ಸ್ ಲೆಕ್ಕ ಇನ್ನೊಂದು ರೀತಿಯಲ್ಲಿ ನಿಜವಾಯಿತು. 1820ರಲ್ಲಿ ಮೋಂ ಬ್ಲಾಂ ಹತ್ತುತ್ತಿದ್ದ ಡಾಕ್ಟರ್ ಹಾಮೆಲ್ ತಂಡದ ಮೇಲೆ ಹಿಮ ಕುಸಿದು ಮೂವರು ಸ್ಥಳೀಯ ಮಾರ್ಗದರ್ಶಕರು ಬಿರುಕಿನೊಳಗೆ ಹೂತು ಹೋದರು. ಸುಮಾರು ನಲವತ್ತು ವರ್ಷಕ್ಕೆ ಅವರ ಅವಶೇಷ ಕೆಳಗೆ ಬರುತ್ತದೆ ಎಂದು ಫೋರ್ಬ್ಸ್ ಹೇಳಿದ್ದರು. 1861ರಲ್ಲಿ ಬಂತು.

ಆಳದಲ್ಲಿ ಹೂತದ್ದು ಮೇಲೆ ಬರುವುದು ಹೇಗೆ? ಎತ್ತರದಲ್ಲಿ ಪ್ರತಿ ವರ್ಷ ಹೊಸ ಹಿಮ ಬೀಳುತ್ತದೆ, ಹಳೆಯದು ಕೆಳಗೆ ಹೋಗುತ್ತದೆ. ಅಲ್ಲಿ ಬಿದ್ದ ವಸ್ತು ಮುಳುಗುತ್ತಲೇ ಮುಂದೆ ಸಾಗುತ್ತದೆ. ತಗ್ಗಿಗೆ ಬಂದ ಮೇಲೆ ಬೇಸಿಗೆಯಲ್ಲಿ ಮೇಲಿನ ಪದರ ಕರಗುತ್ತಾ ಹೋಗುತ್ತದೆ. ವಸ್ತು ಮೇಲೆದ್ದು ಬರುವುದಲ್ಲ, ಹೊದಿಕೆ ಸವೆದು ಅದು ಬಯಲಾಗುವುದು. 'ಕಾಂಚನಜುಂಗಾ' ಬಡಿದದ್ದು 4,600 ಮೀಟರಿಗೂ ಎತ್ತರದಲ್ಲಿ. ಪತ್ರಿಕೆಗಳು ಸಿಕ್ಕಿದ್ದು ಅದಕ್ಕಿಂತ ಸುಮಾರು ಮೂರು ಸಾವಿರ ಮೀಟರ್ ಕೆಳಗೆ, 54 ವರ್ಷದ ಮೇಲೆ. 1950ರ ನವೆಂಬರ್ 3ರಂದು ಹೆಚ್ಚುಕಡಿಮೆ ಅದೇ ಜಾಗಕ್ಕೆ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಬಡಿದು 48 ಜನ ಸತ್ತಿದ್ದರು. ಅದರ ಚೂರುಗಳನ್ನೂ ಬೊಸೋಂ ಹೊತ್ತು ತಂದಿದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಹಿಮನದಿ 'ಹಿಂದೆ ಸರಿಯುತ್ತಿದೆ' ಎಂದರೆ ಅದು ಬೆಟ್ಟ ಹತ್ತುತ್ತಿದೆ ಎಂದು ಅನೇಕರು ತಿಳಿಯುತ್ತಾರೆ. ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ. ನೀರು ಕಡಿಮೆ ಬಿಟ್ಟ ವರ್ಷ ಅವರ ಹೊಲಕ್ಕೆ ತಲುಪುವ ಮೊದಲೇ ಕಾಲುವೆ ಒಣಗಿರುತ್ತದೆ. ನೀರು ಹಿಂದಕ್ಕೆ ಹರಿಯಿತೇ? ಇಲ್ಲ. ದಾರಿಯಲ್ಲೇ ಮುಗಿಯಿತು. ಮೇರ್ ದ ಗ್ಲಾಸ್ ಕೂಡ ಕೆಳಕ್ಕೇ ಹರಿಯುತ್ತಿದೆ. ಬರುವುದಕ್ಕಿಂತ ಕರಗುವುದು ಜಾಸ್ತಿಯಾಗಿ, 1850ರಿಂದ ಅದರ ತುದಿ ಸುಮಾರು ಎರಡು ಕಿಲೋಮೀಟರ್ ಮೇಲಕ್ಕೆ ಹೋಗಿದೆ.

ಶಾಮೊನಿಗೆ ಹೋದವರು ಮೊದಲು ಓಡುವುದು 1955ರಿಂದ ಇರುವ ಕೇಬಲ್ ಕಾರಿನಲ್ಲಿ 3,842 ಮೀಟರಿನ ಎಗ್ವೀ ದ್ಯು ಮಿದಿ ಶಿಖರಕ್ಕೆ. ಹೋಗಿ, ಚೆನ್ನಾಗಿದೆ. ಆದರೆ ಸಮಯ ಕಡಿಮೆ ಇದ್ದರೆ ನಾನು ಆರಿಸುವುದು ಮೊಂತಾನ್ವೇರ್‌ಗೆ ಹೋಗುವ ಕೆಂಪು ರೈಲನ್ನು. 1909ರಲ್ಲಿ ಶುರುವಾದ ಹಲ್ಲುಹಳಿಯ ರೈಲು. 1,913 ಮೀಟರ್ ಎತ್ತರದಲ್ಲಿ ಇಳಿದರೆ ಕಾಲ ಕೆಳಗೆ ಮೇರ್ ದ ಗ್ಲಾಸ್. ಅದರೊಳಗೆ ಕೊರೆದ ಗುಹೆ ಇದೆ. ಮಂಜುಗಡ್ಡೆ ಚಲಿಸುವುದರಿಂದ ಆ ಗುಹೆಯನ್ನು ಪ್ರತಿ ವರ್ಷ ಹೊಸದಾಗಿ ಕೊರೆಯಬೇಕು. 1988ರಲ್ಲಿ ಅಲ್ಲಿಗೆ ಇಳಿಯಲು ಸಣ್ಣ ಕೇಬಲ್ ಕಾರು ಹಾಕಿದಾಗ ಮೂರೇ ಮೆಟ್ಟಿಲು ಸಾಕಿತ್ತು. ಆಮೇಲೆ ಮಂಜುಗಡ್ಡೆ ತೆಳುವಾಗುತ್ತಾ ಮೆಟ್ಟಿಲು ಐನೂರು ದಾಟಿದವು. 2024ರಲ್ಲಿ ಹೊಸ ಕೇಬಲ್ ಕಾರು ಬರುವ ತನಕ ಅದೇ ದಾರಿ. ಅಲ್ಲಿ ಬಂಡೆಗೆ ಹಾಕಿದ ಫಲಕಗಳಿದ್ದವು, ಯಾವ ವರ್ಷ ಮಂಜುಗಡ್ಡೆ ಎಲ್ಲಿತ್ತು ಎಂದು ತೋರಿಸುತ್ತಿದ್ದವು. 

ಬೊಸೋಂ ನೋಡಲು ಬೇಸಿಗೆಯ ಕೊನೆ ಒಳ್ಳೆಯದು, ಆಗಸ್ಟ್ ಹೊತ್ತಿಗೆ ಜಾಸ್ತಿ ಕರಗಿರುತ್ತದೆ. 2012ರ ಆಗಸ್ಟ್‌ನಲ್ಲೇ ಅಲ್ಲಿ ನಮ್ಮ ವಿದೇಶಾಂಗ ಸಚಿವಾಲಯದ ಅಂಚೆ ಚೀಲ ಸಿಕ್ಕಿದ್ದು. 2013ರಲ್ಲಿ ಒಬ್ಬ ಯುವ ಪರ್ವತಾರೋಹಿಗೆ ಪಚ್ಚೆ, ನೀಲ, ಮಾಣಿಕ್ಯ ತುಂಬಿದ ಪೆಟ್ಟಿಗೆ ಸಿಕ್ಕಿತು. ಅವನು ಅದನ್ನು ನೇರ ಪೊಲೀಸರಿಗೆ ಒಪ್ಪಿಸಿದ. ಎಂಟು ವರ್ಷದ ಮೇಲೆ, ವಾರಸುದಾರರು ಸಿಗದೆ, ಅರ್ಧ ಅವನಿಗೆ, ಅರ್ಧ ಊರಿಗೆ ಬಂತು. ಭಾಭಾ ಅವರ ದೇಹ ಸಿಗಲೇ ಇಲ್ಲ. ಆ ಎರಡು ವಿಮಾನಗಳ ಜನರ ವಸ್ತುಗಳು ಇನ್ನೂ ಆ ಮಂಜುಗಡ್ಡೆಯೊಳಗೆ ಇಳಿದು ಬರುತ್ತಿವೆ. ಅಲ್ಲಿ ನಡೆಯುವಾಗ ಒಂದು ಅಂಗಿಯ ಗುಂಡಿ, ಒಂದು ಕಾಗದದ ಚೂರು ಕಂಡರೂ ಜೇಬಿಗೆ ಹಾಕಿಕೊಳ್ಳಬೇಡಿ. ಆ ಹುಡುಗ ಕೊಟ್ಟಲ್ಲೇ ಕೊಟ್ಟು ಬನ್ನಿ.