ಮೌಸ್ ವೇಷದ ಪೆನ್ನು

ಕಳೆದ ಚೌತಿಗೆ ಮೊದಲ ವಾರ, ಡೊಂಬಿವಲಿಯ ನಮ್ಮ ಮನೆಯಲ್ಲಿ ಗಣಪತಿಯ ಸೊಂಡಿಲು ಮುಗಿಯಲೇ ಇಲ್ಲ. ಅಕ್ಕನ ಮಗಳು ಲ್ಯಾಮಿಂಗ್ಟನ್ ರೋಡಿನಿಂದ ಡ್ರಾಯಿಂಗ್ ಟ್ಯಾಬ್ಲೆಟ್ ತಂದಿದ್ದಳು, ಅಂದರೆ ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಚಿತ್ರ ಬಿಡಿಸುವ ಹಲಗೆ. ಲ್ಯಾಪ್‌ಟಾಪ್ ನಾನು ಬಳಸಿ ಬಿಟ್ಟದ್ದು, ಅದರಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ತಂತಿ ಸಿಕ್ಕಿಸಿದ ಕೂಡಲೇ ಪರದೆಯ ಬಾಣ ಓಡಿತು, ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಗೆರೆಯೂ ಬಿತ್ತು.

"ಮಾವ, ಗೆರೆ ಬರ್ತದೆ. ಆದ್ರೆ ಸೊಂಡಿಲು ಬುಡದಿಂದ ತುದಿವರೆಗೆ ನೀರಿನ ಪೈಪಿನ ಹಾಗೆ ಒಂದೇ ದಪ್ಪ!"

ಪೆಟ್ಟಿಗೆಯ ಮೇಲೆ ಒತ್ತಡದ 8192 ಹಂತಗಳು ಎಂದು ದೊಡ್ಡಕ್ಷರದಲ್ಲಿತ್ತು. ಅವಳಿಗೆ ಸಿಕ್ಕಿದ್ದು ಎರಡು: ಒತ್ತಿದೆ, ಒತ್ತಿಲ್ಲ. ಅಂಗಡಿಗೆ ವಾಪಸು ಕೊಡುವ ಮಾತೂ ಆಯಿತು.

ಆದರೆ ಪೆನ್ನು ಸರಿಯಿತ್ತು. ಈ ಪೆನ್ನಿಗೆ ಬ್ಯಾಟರಿ ಇಲ್ಲ. ಒಳಗಿರುವುದು ಒಂದು ತಂತಿಯ ಸುರುಳಿ, ಒಂದು ಕೆಪಾಸಿಟರ್. ಟ್ಯಾಬ್ಲೆಟ್ಟಿನ ಹಲಗೆಯ ಕೆಳಗೆ ಅಡ್ಡ-ಉದ್ದ ತಂತಿಗಳ ಜಾಲವಿದೆ. ಅದು ಕ್ಷಣಕಾಲ ಕಂಪಿಸುವ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ, ಆಮೇಲೆ ಸುಮ್ಮನಾಗಿ ಕಿವಿಗೊಡುತ್ತದೆ. ಶ್ರುತಿ ಕೂಡಿದ ಸ್ವರಕ್ಕೆ ತಂಬೂರಿಯ ತಂತಿ ಮಿಡಿದ ಹಾಗೆ ಪೆನ್ನಿನ ಸುರುಳಿ ಆ ಕಂಪನಕ್ಕೆ ಮಿಡಿದು ಪ್ರತಿಧ್ವನಿ ಕಳಿಸುತ್ತದೆ. ಯಾವ ತಂತಿಗಳಲ್ಲಿ ಅದು ಜೋರು, ಪಕ್ಕದವುಗಳಲ್ಲಿ ಎಷ್ಟು ಕ್ಷೀಣ ಎಂಬ ಲೆಕ್ಕದಿಂದ ತುದಿ ಎಲ್ಲಿದೆಯೆಂದು ತಿಳಿಯುತ್ತದೆ. ಮೊನೆಯನ್ನು ಒತ್ತಿದರೆ ಒಳಗಿನ ಶ್ರುತಿಯೇ ತುಸು ಬದಲಾಗುತ್ತದೆ. ಒತ್ತಡವೆಂದು ಅಳೆಯುವುದು ಈ ಬದಲಾವಣೆಯನ್ನು. 8192 ಎಂದರೆ ಎರಡರ 13ನೇ ಘಾತ, ಅಂದರೆ 13 ಬಿಟ್‌ಗಳಲ್ಲಿ ಹಿಡಿಸುವಷ್ಟು ಹಂತಗಳು. ಅಷ್ಟು ಸೂಕ್ಷ್ಮ ಯಾವ ಕೈಗೆ ತಿಳಿಯುತ್ತದೋ, ನನಗಂತೂ ಅನುಮಾನ.

ಕಟ್ಟಿಂಗೇರಿಯಿಂದ ಬಂದು ಇದೇ ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತ ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿದವರಿಗೆ ಒಂದು ಗೆರೆ ಎಷ್ಟು ಹೇಳಬಲ್ಲದು ಎಂದು ಗೊತ್ತು. ನಮ್ಮ ಪೆನ್ನಿಗೂ ಹೇಳಲಿಕ್ಕೆ ಬೇಕಾದಷ್ಟಿತ್ತು. ಅದು ಲ್ಯಾಪ್‌ಟಾಪಿಗೆ ತಲುಪುತ್ತಿರಲಿಲ್ಲ, ಅಷ್ಟೆ.

ಇಂಥ ಎಷ್ಟೋ ಟ್ಯಾಬ್ಲೆಟ್‌ಗಳು ಎಚ್ಚರಗೊಳ್ಳುವುದೇ ಮೌಸಿನ ವೇಷದಲ್ಲಿ. ಮೌಸ್ ಗೊತ್ತಿಲ್ಲದ ಕಂಪ್ಯೂಟರ್ ಇಲ್ಲವಲ್ಲ, ತಂತಿ ಸಿಕ್ಕಿಸಿದ ತಕ್ಷಣ ಏನಾದರೊಂದು ಓಡಾಡುತ್ತದೆ. ಆದರೆ ಮೌಸಿನ ಭಾಷೆಯಲ್ಲಿ ಒತ್ತಡಕ್ಕೆ ಪದವೇ ಇಲ್ಲ. ಬಟನ್ ಒತ್ತಿದೆಯೋ ಬಿಟ್ಟಿದೆಯೋ, ಇಷ್ಟೇ. ವೇಷ ಕಳಚಲು ಕಂಪ್ಯೂಟರೇ ಸರಿಯಾಗಿ ಕೇಳಬೇಕು. ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಸಾಧನಗಳೊಡನೆ ಮಾತಾಡುವ ದುಭಾಷಿ ತಂತ್ರಾಂಶಗಳಿವೆ, ಅವೇ ಡ್ರೈವರುಗಳು. ವ್ಯಾಕಮ್ ಕಂಪನಿಯ ಟ್ಯಾಬ್ಲೆಟ್‌ಗಳ ಡ್ರೈವರ್ ವೇಷ ಕಳಚು ಎಂದು ಒಂದು ಆದೇಶ ಕಳಿಸುತ್ತದೆ. ಯುಸಿ-ಲಾಜಿಕ್ ಬಗೆಯ ಅಗ್ಗದ ಟ್ಯಾಬ್ಲೆಟ್‌ಗಳ ಡ್ರೈವರಿನ ಉಪಾಯ ಇನ್ನೂ ಮಜಾ. ಯುಎಸ್‌ಬಿ ಸಾಧನದಿಂದ ತಯಾರಕರ ಹೆಸರು, ಸಾಧನದ ಹೆಸರು ಓದಲು ಕ್ರಮಸಂಖ್ಯೆಗಳಿವೆ, ಸಾಮಾನ್ಯವಾಗಿ 1, 2, 3. ಈ ಡ್ರೈವರ್ ಕೆಲವು ಟ್ಯಾಬ್ಲೆಟ್‌ಗಳಿಗೆ 100ನೆಯದನ್ನೋ 200ನೆಯದನ್ನೋ ಕೇಳುತ್ತದೆ. ಯಾರೂ ಕೇಳದ ಆ ಪ್ರಶ್ನೆಯೇ ಗುಟ್ಟಿನ ಕದ ತಟ್ಟುವ ಸಂಕೇತ! ಟ್ಯಾಬ್ಲೆಟ್ ತನ್ನ ಅಗಲ, ಎತ್ತರ, ಗರಿಷ್ಠ ಒತ್ತಡವನ್ನೆಲ್ಲ ಒಪ್ಪಿಸಿ ನಿಜರೂಪಕ್ಕೆ ಬರುತ್ತದೆ.

ಯಾರಿಗೆ ಯಾವ ಪ್ರಶ್ನೆ ಎಂಬ ಪಟ್ಟಿ ಕರ್ನಲ್‌ನಲ್ಲಿರುತ್ತದೆ. ನಮ್ಮ ಕರ್ನಲ್ ಹಳತು, ಟ್ಯಾಬ್ಲೆಟ್ ಹೊಸತು, ಹಾಗಾಗಿ ಟ್ಯಾಬ್ಲೆಟ್ಟಿನ ಗುರುತಿನ ನಂಬರು ಪಟ್ಟಿಯಲ್ಲಿರಲಿಲ್ಲ. ಇಷ್ಟು ಗೊತ್ತಾಗಲು ನನಗೆ ಎರಡು ರಾತ್ರಿ ಹಿಡಿಯಿತು.

ಅಷ್ಟರಲ್ಲಿ ಅವಳು ಓಪನ್‌ಟ್ಯಾಬ್ಲೆಟ್‌ಡ್ರೈವರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡಿದ್ದಳು. ಅದು ಕರ್ನಲ್ಲಿನ ಹೊರಗಿನಿಂದ ಅದೇ ಕೆಲಸ ಮಾಡುತ್ತದೆ. ಸುಡೊ ಹಚ್ಚಿ, ಅಂದರೆ ಯಜಮಾನನ ಅಧಿಕಾರ ಕೊಟ್ಟು, ಓಡಿಸಿದರೆ ನಡೆಯುತ್ತಿತ್ತು, ಹಾಗೇ ಓಡಿಸಿದರೆ ಟ್ಯಾಬ್ಲೆಟ್ ಇಲ್ಲವೇ ಇಲ್ಲ ಎನ್ನುತ್ತಿತ್ತು. ಸಾಧನವನ್ನು ನೇರ ಮುಟ್ಟಲು ಸಾಮಾನ್ಯ ಬಳಕೆದಾರರಿಗೆ ಲಿನಕ್ಸ್ ಅನುಮತಿ ಕೊಡುವುದಿಲ್ಲ. ಆ ಅನುಮತಿ ಬರೆದಿಡುವುದು ಯುಡೆವ್ ನಿಯಮಗಳಲ್ಲಿ. ನಾನು ಕರ್ನಲ್ ಹೊಸದು ಮಾಡಿದೆ. ಈಗ ಎರಡು ಡ್ರೈವರುಗಳು ಒಂದೇ ಪೆನ್ನಿಗೆ ಜಗ್ಗಾಡಿ ಬಾಣ ಜಿಗಿಯತೊಡಗಿತು. ಅವಳದ್ದನ್ನು ತೆಗೆಸಿದೆ. ಅವಳಿಗೆ ಸಿಟ್ಟು ಬಂತು, ಆದರೆ ಸೊಂಡಿಲಿನ ತುದಿ ಸಣ್ಣದಾಯಿತು.

ಮರುದಿನ ಹೊಸ ತಕರಾರು. "ಗಣಪತಿಯ ಹೊಟ್ಟೆ ಅಡ್ಡಡ್ಡಕ್ಕೆ ಹಿಗ್ಗಿದೆ ಮಾವ."

ಲಂಬೋದರನಲ್ಲವಾ ಎಂದು ನಕ್ಕುಬಿಟ್ಟೆ. ಅಕ್ಕ ಗಾಜಿನ ಬಳೆ ತೆಗೆದು ಹಲಗೆಯ ಮೇಲಿಟ್ಟಳು, ಅವಳು ಅದರೊಳಗೆ ಸುತ್ತು ಹಾಕಿದಳು. ಪರದೆಯಲ್ಲಿ ಮೂಡಿದ್ದು ಮೊಟ್ಟೆ. (ಚಿನ್ನದ ಬಳೆ ಬೇಡ, ಲೋಹದ ಉಂಗುರ ಕಾಂತಕ್ಷೇತ್ರವನ್ನೇ ಕದಡುತ್ತದೆ.) ಟ್ಯಾಬ್ಲೆಟ್ಟಿನ ಬರೆಯುವ ಜಾಗ 10 ಇಂಚು ಅಗಲ, 6.25 ಇಂಚು ಎತ್ತರ, ಅಂದರೆ 16:10. ಪರದೆ 1920 ಚುಕ್ಕಿ ಅಗಲ, 1080 ಎತ್ತರ, ಅಂದರೆ 16:9. ಮೂಲೆಗೆ ಮೂಲೆ ಹೊಂದಿಸಿದರೆ ಅಗಲದಲ್ಲಿ ಇಂಚಿಗೆ 192 ಚುಕ್ಕಿ, ಎತ್ತರದಲ್ಲಿ 172.8. ಅಡ್ಡಕ್ಕೆ ಶೇ. 11ರಷ್ಟು ಹಿಗ್ಗು. ಎತ್ತರದಲ್ಲಿ 5.625 ಇಂಚು ಮಾತ್ರ ಬಳಸು ಎಂದು ಸೆಟ್ಟಿಂಗಿನಲ್ಲಿ ಬರೆದೆವು. ಕೆಳಗಡೆ ಒಂದೂವರೆ ಸೆಂಟಿಮೀಟರ್ ಪಟ್ಟಿ ಸತ್ತುಹೋಯಿತು, ಬಳೆ ಉರುಟಾಯಿತು.

ಚೌತಿಯ ದಿನ ಗಣಪತಿಯನ್ನು ಎಲ್ಲರಿಗೂ ತೋರಿಸೋಣವೆಂದು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದಳು. ಹಲಗೆ ಈಗ ಎರಡು ಪರದೆಗಳನ್ನೂ ಸೇರಿಸಿ ಒಂದೇ ಎಂದುಕೊಂಡಿತು. ಅಕ್ಕ ಅಡುಗೆಮನೆಯಿಂದಲೇ ಕೇಳಿದಳು, "ಬಳೆ ಬೇಕಾ?"