ಚರ್ಮದಡಿಯ ಗಡ್ಡೆಗೆ ಪ್ರೋಟಾನ್: ಆಳ ಸಿಕ್ಕಿತು, ಅಂಚು ಮಸುಕಾಯಿತು

ಕ್ಯಾನ್ಸರ್ ಗಡ್ಡೆಯನ್ನು ಪ್ರೋಟಾನ್ ಕಣಗಳ ಕಿರಣದಿಂದ ನಾಶಮಾಡುವ ಇಂದಿನ ಬಹುತೇಕ ಚಿಕಿತ್ಸಾ ಯಂತ್ರಗಳು ಕೊಡುವ ಅತಿ ಕಡಿಮೆ ಶಕ್ತಿಯ ಕಿರಣ ಸುಮಾರು 70 ಮೆಗಾ ಎಲೆಕ್ಟ್ರಾನ್ ವೋಲ್ಟಿನದು. ಅದು ನೀರಿನಲ್ಲಿ, ಹೆಚ್ಚುಕಡಿಮೆ ದೇಹದ ಮೃದು ಅಂಗಾಂಶದಲ್ಲೂ, ಸುಮಾರು 4 ಸೆಂ.ಮೀ. ಒಳಹೊಕ್ಕು ನಿಲ್ಲುತ್ತದೆ. ಕಿವಿಯ ಕೆಳಗಿನ ಲಾಲಾಗ್ರಂಥಿಯಲ್ಲೋ ಎದೆಗೂಡಿನ ಹೊರಭಾಗದಲ್ಲೋ ಗಡ್ಡೆ ಒಂದೇ ಸೆಂ.ಮೀ. ಆಳದಲ್ಲಿದ್ದರೆ, ಕಿರಣ ಅದನ್ನು ದಾಟಿ ಆರೋಗ್ಯವಾಗಿರುವ ಅಂಗಾಂಶಕ್ಕೆ ತನ್ನ ಶಕ್ತಿಯ ಬಹುಪಾಲನ್ನು ಸುರಿಯುತ್ತದೆ. ಆದ್ದರಿಂದ ದಾರಿಯಲ್ಲೇ ಅದರ ವೇಗ ತಗ್ಗಿಸಬೇಕು. ತೊಡಕು ಹುಟ್ಟುವುದು ಇಲ್ಲಿ.

ವೇಗ ತಗ್ಗಿಸುವ ಉಪಾಯ ಈ ಚಿಕಿತ್ಸೆಯಷ್ಟೇ ಹಳೆಯದು. ವಿದ್ಯುದಾವೇಶವುಳ್ಳ ಕಣಗಳು ನಿಲ್ಲುವ ಮುನ್ನ ಹೆಚ್ಚು ಶಕ್ತಿಯನ್ನು ಬಿಟ್ಟುಕೊಡುತ್ತವೆ ಎಂಬುದನ್ನು ಭೌತವಿಜ್ಞಾನಿ ವಿಲಿಯಂ ಬ್ರಾಗ್ 1904ರ ಹೊತ್ತಿಗೆ ಆಲ್ಫಾ ಕಣಗಳಲ್ಲಿ ಕಂಡಿದ್ದರು. 1946ರಲ್ಲಿ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ ಪ್ರೋಟಾನ್‌ಗಳನ್ನು ಚಿಕಿತ್ಸೆಗೆ ಬಳಸಬಹುದೆಂದು ಬರೆದಾಗ, ಕಿರಣದ ಹಾದಿಯಲ್ಲಿ ದಪ್ಪ ಬದಲಾಗುವ ಚಕ್ರವೊಂದನ್ನು ತಿರುಗಿಸಿದರೆ ಶಕ್ತಿ ಹೆಚ್ಚು ಸುರಿಯುವ ಆ ಕೊನೆಯ ಶಿಖರವನ್ನು ಗಡ್ಡೆಯ ಆಳದುದ್ದಕ್ಕೂ ಹರಡಬಹುದೆಂದೂ ಸೂಚಿಸಿದ್ದರು. ಮೊದಲ ರೋಗಿಗೆ ಅಮೆರಿಕದ ಬರ್ಕ್ಲಿಯಲ್ಲಿ ಚಿಕಿತ್ಸೆ ನಡೆದದ್ದು 1954ರಲ್ಲಿ.

ಮೇಲ್ಪದರದ ಗಡ್ಡೆಗಳಲ್ಲಿ ಮೊದಲ ದೊಡ್ಡ ಗೆಲುವು ಕಣ್ಣಿನದು. 1975ರಲ್ಲಿ ಹಾರ್ವರ್ಡ್‌ನ ಸೈಕ್ಲೋಟ್ರಾನ್ ಎಂಬ, ಕಣಗಳಿಗೆ ವೇಗ ಕೊಡುವ ಯಂತ್ರದಲ್ಲಿ, ಕಣ್ಣಿನೊಳಗಿನ ಮೆಲನೋಮಾ ಎಂಬ ಕ್ಯಾನ್ಸರಿಗೆ ಪ್ರೋಟಾನ್ ಚಿಕಿತ್ಸೆ ಆರಂಭವಾಯಿತು. ಗಡ್ಡೆಯ ಸುತ್ತ ಟ್ಯಾಂಟಲಮ್ ಲೋಹದ ಪುಟ್ಟ ಗುರುತುಗಳನ್ನು ಹೊಲಿದು, ಗಡ್ಡೆಯ ಆಕಾರಕ್ಕೇ ಕೊರೆದ ಹಿತ್ತಾಳೆಯ ತೂತಿನ ಮೂಲಕ ಕಿರಣ ಬಿಡುತ್ತಿದ್ದರು. ಸ್ವಿಟ್ಜರ್ಲೆಂಡಿನ ವಿಲ್ಲಿಗೆನ್‌ನಲ್ಲಿ 1984ರಿಂದ, ಇಂಗ್ಲೆಂಡಿನ ಕ್ಲಾಟರ್‌ಬ್ರಿಜ್‌ನಲ್ಲಿ 1989ರಿಂದ ಇದೇ ಕೆಲಸ ನಡೆಯಿತು. ಕ್ಲಾಟರ್‌ಬ್ರಿಜ್ ಯಂತ್ರದ ಶಕ್ತಿ ಬರೀ 62 ಮೆಗಾ ಎಲೆಕ್ಟ್ರಾನ್ ವೋಲ್ಟ್. ಕಿರಣ ತಲುಪುವುದು ಸುಮಾರು 3 ಸೆಂ.ಮೀ. ಕಣ್ಣಿಗೆ ಅಷ್ಟು ಸಾಕು. ಕಡಿಮೆ ಶಕ್ತಿಯಿಂದಲೇ ಹೊರಟ ಕಿರಣಕ್ಕೆ ಹೆಚ್ಚು ತಡೆ ಒಡ್ಡಬೇಕಾಗಿಲ್ಲ, ಹಾಗಾಗಿ ಅದರ ಅಂಚಿನಲ್ಲಿ ಡೋಸ್ ಒಂದೆರಡು ಮಿ.ಮೀ.ನೊಳಗೆ ಇಳಿದುಹೋಗುತ್ತದೆ. ದೃಷ್ಟಿನರ ಪಕ್ಕದಲ್ಲೇ ಇರುವಾಗ ಆ ಒಂದೆರಡು ಮಿ.ಮೀ. ಎಂದರೆ ನೋಟ ಉಳಿಯುವುದು ಅಥವಾ ಹೋಗುವುದು.

ಆಮೇಲೆ ಯಂತ್ರಗಳು ದೊಡ್ಡದಾದವು. 1996ರಲ್ಲಿ ವಿಲ್ಲಿಗೆನ್‌ನಲ್ಲೇ ತೆಳುವಾದ ಕಿರಣದಿಂದ ಗಡ್ಡೆಯನ್ನು ಚುಕ್ಕಿ ಚುಕ್ಕಿಯಾಗಿ ತುಂಬುವ ವಿಧಾನ ಬಂದಿತು. ಆಳದ ಗಡ್ಡೆಗಳಿಗೆ ಅದು ವರವೇ ಆಯಿತು. ಪ್ರತಿ ರೋಗಿಗೂ ಹಿತ್ತಾಳೆ ಕೊರೆಯುವ ಕೆಲಸ ತಪ್ಪಿತು. ಆದರೆ ಸುಮಾರು 250 ಮೆಗಾ ಎಲೆಕ್ಟ್ರಾನ್ ವೋಲ್ಟಿನಿಂದ ಹೊರಡುವ ಸೈಕ್ಲೋಟ್ರಾನ್ ಕಿರಣವನ್ನು ಗ್ರಾಫೈಟ್ ತುಂಡುಗಳಿಂದ 70ಕ್ಕೆ ಇಳಿಸುವಷ್ಟರಲ್ಲಿ ಕಣಗಳ ಬಹುಪಾಲು ಹಾದಿಯಲ್ಲೇ ಕಳೆದುಹೋಗುತ್ತದೆ. ಇನ್ನೂ ಕೆಳಗಿಳಿಸುವ ಬದಲು ರೋಗಿಯ ಮುಂದೆ ಕೆಲವು ಸೆಂ.ಮೀ. ದಪ್ಪದ ಪ್ಲಾಸ್ಟಿಕ್ ಫಲಕ ಇಡುತ್ತಾರೆ. ಅದರ ಹೆಸರು ರೇಂಜ್ ಶಿಫ್ಟರ್.

ಫಲಕವನ್ನು ಹಾಯುವ ಪ್ರತಿ ಪ್ರೋಟಾನ್ ತುಸು ತುಸು ಓರೆಯಾಗುತ್ತದೆ. ಉಜ್ಜಿದ ಗಾಜನ್ನು ಗೋಡೆಗೆ ತಾಗಿಸಿ ಹಿಡಿದರೆ ದೀಪದ ಬೆಳಕಿನ ಚುಕ್ಕಿ ಚಿಕ್ಕದಾಗಿರುತ್ತದೆ, ದೂರ ಹಿಡಿದರೆ ಹರಡುತ್ತದೆ. ಫಲಕಕ್ಕೂ ಚರ್ಮಕ್ಕೂ ನಡುವಿನ ಗಾಳಿಯ ಅಂತರ ಮಾಡುವುದು ಅದನ್ನೇ. ಕಿರಣ ತಲುಪುವ ಆಳದಲ್ಲಿ ಶೇಕಡಾ 3.5ರಷ್ಟು ಅನಿಶ್ಚಿತತೆ ಇದೆಯೆಂದು ಇಟ್ಟುಕೊಂಡರೂ 3 ಸೆಂ.ಮೀ.ಗೆ ಅದು ಒಂದು ಮಿ.ಮೀ. ಮಾತ್ರ. ಮೇಲ್ಪದರದ ಗಡ್ಡೆಯಲ್ಲಿ ನಿಜವಾದ ಆತಂಕ ಪಕ್ಕದ ಅಂಚಿನದು ಎಂದು ನನಗೆ ತೋರುವುದು ಇದರಿಂದಲೇ.

ಪರಿಹಾರಗಳು ಹಳೆಯ ದಾರಿಗೇ ಮರಳಿವೆ. ಫಲಕವನ್ನು ಚರ್ಮದ ಹತ್ತಿರಕ್ಕೆ ತರುವ, ಯಂತ್ರದಿಂದ ಮುಂದಕ್ಕೆ ಚಾಚುವ ಭಾಗ ಬಂದಿತು. ಚುಕ್ಕಿ ಕಿರಣಕ್ಕೂ ಲೋಹದ ತೂತು ಮರಳಿತು. ಈಗ ಪದರದಿಂದ ಪದರಕ್ಕೆ ತೂತಿನ ಆಕಾರ ಬದಲಿಸುವ ಲೋಹದ ತೆಳು ಎಲೆಗಳೂ ಇವೆ, ಅವುಗಳಲ್ಲಿ ಬೇಡದ ನ್ಯೂಟ್ರಾನ್‌ಗಳು ಹುಟ್ಟುತ್ತವೆ ಎಂಬ ಬೆಲೆ ತೆತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಲೆಕ್ಕಾಚಾರ. ಹಿಂದಿನ ಸರಳ ಸೂತ್ರಗಳು ದಪ್ಪ ಫಲಕ ಮತ್ತು ದೊಡ್ಡ ಅಂತರ ಒಟ್ಟಿಗಿದ್ದಾಗಲೇ ಹೆಚ್ಚು ಎಡವುತ್ತಿದ್ದವು. ಕಣಗಳನ್ನು ಒಂದೊಂದಾಗಿ ಹಿಂಬಾಲಿಸುವ ಮಾಂಟೆ ಕಾರ್ಲೊ ಲೆಕ್ಕ ಆ ಚದುರುವಿಕೆಯನ್ನು ಸರಿಯಾಗಿ ಹಿಡಿಯುತ್ತದೆ.

ಚರ್ಮದ ವಿಷಯದಲ್ಲಿ ಮಾತ್ರ ಹೆಚ್ಚೇನೂ ದಾರಿಯಿಲ್ಲ. ಗಡ್ಡೆ ಮೇಲೆಯೇ ಇದ್ದರೆ ಹರಡಿದ ಶಿಖರ ಚರ್ಮಕ್ಕೂ ಬಹುತೇಕ ಪೂರ್ತಿ ಡೋಸ್ ಕೊಡುತ್ತದೆ.

ಚಿಕಿತ್ಸೆಯ ದಿನ ರೋಗಿಯ ಭುಜ ಅಡ್ಡ ಬಂದು, 5 ಸೆಂ.ಮೀ. ಎಂದು ಲೆಕ್ಕ ಹಾಕಿದ ಅಂತರವನ್ನು 10ಕ್ಕೆ ಏರಿಸಿದರೆ ಕಿರಣ ಮುಟ್ಟುವ ಆಳ ಬದಲಾಗುವುದಿಲ್ಲ. ಅಂಚು ಹರಡುತ್ತದೆ, ಚುಕ್ಕಿಯ ನಡುವಿನ ಡೋಸ್ ಇಳಿಯುತ್ತದೆ. ಆಗ ಕಿರಣ ಬಿಡುವ ಮುನ್ನ ಲೆಕ್ಕವನ್ನು ಹೊಸ ಅಂತರಕ್ಕೆ ಮತ್ತೆ ಮಾಡಬೇಕು.