ಮೈದುನನನ್ನೇ ಮದುವೆಯಾದರೆ ಮಾತ್ರ ಭತ್ಯೆ: ಯೋಧರ ಪತ್ನಿಯರ ಹಕ್ಕಿನ ಹಿಂದಿನ ಕಥೆ

2017ರ ನವೆಂಬರ್‌ವರೆಗೂ ನಮ್ಮ ರಕ್ಷಣಾ ಇಲಾಖೆಯ ನಿಯಮಗಳಲ್ಲಿ ಒಂದು ವಿಚಿತ್ರ ಷರತ್ತು ಇತ್ತು. ಶೌರ್ಯ ಪದಕ ಪಡೆದ ಯೋಧ ತೀರಿಕೊಂಡರೆ, ಪದಕದ ಜೊತೆ ಬರುವ ತಿಂಗಳ ಭತ್ಯೆ ಅವನ ಹೆಂಡತಿಗೆ ಸೇರುತ್ತಿತ್ತು. ಆಕೆ ಮತ್ತೆ ಮದುವೆಯಾದರೆ ನಿಲ್ಲುತ್ತಿತ್ತು. ಆದರೆ ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾಗಿ ಅದೇ ಕುಟುಂಬದಲ್ಲೇ ಬಾಳಿದರೆ ಭತ್ಯೆಗೆ ಅಡ್ಡಿ ಇರಲಿಲ್ಲ. ಹೊರಗಿನವನ ಕೈ ಹಿಡಿದರೆ ಮಾತ್ರ ಕಟ್.

ಆ ವರ್ಷ ನವೆಂಬರ್ 16ರ ಆದೇಶದಲ್ಲಿ ಸರ್ಕಾರ ಈ ಷರತ್ತನ್ನು ತೆಗೆದುಹಾಕಿತು. ಯಾರನ್ನೇ ಮದುವೆಯಾಗಲಿ, ಭತ್ಯೆ ಆಕೆಯದೇ. ಹಣ ಏನೂ ಭಾರಿ ಮೊತ್ತವಲ್ಲ. ಅದೇ ವರ್ಷ ಆಗಸ್ಟ್‌ನಿಂದ ದುಪ್ಪಟ್ಟಾದ ಮೇಲೂ ಶೌರ್ಯ ಚಕ್ರಕ್ಕೆ ತಿಂಗಳಿಗೆ 6,000 ರೂಪಾಯಿ, ಅಶೋಕ ಚಕ್ರಕ್ಕೆ 12,000. ಆದರೆ ಮೂರು ಸಾವಿರ, ಆರು ಸಾವಿರದ ಭತ್ಯೆಯ ನೆಪದಲ್ಲಿ ಸರ್ಕಾರ ಒಬ್ಬ ಹೆಣ್ಣುಮಗಳು ಯಾವ ಮನೆಯವಳು ಅಂತ ತಾನೇ ತೀರ್ಮಾನ ಮಾಡಿಬಿಟ್ಟಿತ್ತು. ನನಗೆ ಸಿಟ್ಟು ಬರೋದು ಅಲ್ಲಿ.

ಇಂಥ ಯೋಚನೆ ಎಲ್ಲಿಂದ ಬಂದಿರಬಹುದು ಅಂತ ಊಹಿಸೋದು ಕಷ್ಟವಲ್ಲ. ಪಂಜಾಬ್, ಹರಿಯಾಣದ ಕಡೆ ಕರೇವಾ ಅನ್ನೋ ಪದ್ಧತಿ ಇದೆ. ಗಂಡ ಸತ್ತರೆ ಅವನ ತಮ್ಮನೋ ಅಣ್ಣನೋ ಆಕೆಯ ಮೇಲೆ ಚಾದರ ಹೊದಿಸಿದರೆ ಮದುವೆಯಾದಂತೆ. ಹೊಲವೂ ಹೊರಗೆ ಹೋಗಲ್ಲ, ಸೊಸೆಯೂ ಹೋಗಲ್ಲ. ಬ್ರಿಟಿಷರ ಕಾಲದಿಂದಲೂ ಸೈನ್ಯಕ್ಕೆ ಜಾಸ್ತಿ ಜನ ಹೋಗಿದ್ದೇ ಆ ಸೀಮೆಯಿಂದ. ನಮ್ಮ ಉತ್ತರ ಕರ್ನಾಟಕದಲ್ಲೂ ಉಡಿಕೆ ಅಂತ ಮರುಮದುವೆಯ ಪದ್ಧತಿ ಉಂಟು. ಆದರೆ ಒಂದು ಸೀಮೆಯ ರೂಢಿಗೆ ಹೊಂದುವಂಥ ಷರತ್ತು ಬೆಳಗಾವಿಯ ಜವಾನನ ಹೆಂಡತಿಗೂ ಕೊಡಗಿನ ಅಧಿಕಾರಿಯ ಹೆಂಡತಿಗೂ ಒಂದೇ ಸಮ ಅನ್ವಯವಾಗುತ್ತಿತ್ತು.

ಯೋಧರ ವಿಧವೆಯರ ಪ್ರಶ್ನೆ ದೇಶದ ಕಣ್ಣಿಗೆ ದೊಡ್ಡದಾಗಿ ಬಿದ್ದಿದ್ದು 1971ರ ಯುದ್ಧದ ನಂತರ. ನಮ್ಮ ಕಡೆ ಸುಮಾರು 3,800 ಯೋಧರು ಸತ್ತರು. ಆಗ ರಾಷ್ಟ್ರಪತಿಯಾಗಿದ್ದವರು ವಿ.ವಿ. ಗಿರಿ. ಅವರ ಸೊಸೆ ಮೋಹಿನಿ ಗಿರಿ 1972ರಲ್ಲಿ ದೆಹಲಿಯಲ್ಲಿ ಯುದ್ಧ ವಿಧವೆಯರ ಸಂಘ ಕಟ್ಟಿದರು. ಮುಂದೆ ರಾಷ್ಟ್ರೀಯ ಮಹಿಳಾ ಆಯೋಗದ ಅಧ್ಯಕ್ಷೆಯೂ ಆದ ಅವರು 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ 1972ರ ಫೆಬ್ರವರಿಯಲ್ಲೇ ಸರ್ಕಾರ ಯುದ್ಧದಲ್ಲಿ ಮಡಿದವರ ಕುಟುಂಬಕ್ಕೆ ಉದಾರ ಪಿಂಚಣಿಯ ಆದೇಶ ಹೊರಡಿಸಿತು.

ಈ ಪಿಂಚಣಿಯ ಲೆಕ್ಕ ಗೊತ್ತಿಲ್ಲದಿದ್ದರೆ ಮುಂದಿನ ಜಗಳಗಳು ಅರ್ಥವಾಗಲ್ಲ. ಇವತ್ತಿನ ಲೆಕ್ಕದಲ್ಲಿ ಯೋಧನ ಸಾವು ಮೂರು ಬಗೆ. ಸೇವೆಗೆ ಸಂಬಂಧವಿಲ್ಲದ ಕಾರಣಕ್ಕೆ ಸತ್ತರೆ ಕೊನೆಯ ಸಂಬಳದ ಶೇ 30ರಷ್ಟು ಪಿಂಚಣಿ. ಸೇವೆಯ ಕಾರಣದಿಂದ ಸತ್ತರೆ ಶೇ 60. ಯುದ್ಧ, ಗಡಿ ಕಾರ್ಯಾಚರಣೆ, ಉಗ್ರರ ದಾಳಿಯಲ್ಲಿ ಸತ್ತರೆ ಶೇ 100. ಅಂದರೆ ಗಂಡ ಹೇಗೆ ಸತ್ತ ಅಂತ ಯೂನಿಟ್‌ನವರು ಕಾಗದದಲ್ಲಿ ಬರೆಯುವ ಒಂದು ಸಾಲಿನ ಮೇಲೆ ಹೆಂಡತಿಯ ಮುಂದಿನ ಬದುಕು ನಿಂತಿರುತ್ತದೆ.

ಕಾರ್ಗಿಲ್ ಯುದ್ಧ ಇನ್ನೊಂದು ತಿರುವು. ಅದಕ್ಕೂ ಮೊದಲು ಹೆಚ್ಚಿನ ಮನೆಗಳಿಗೆ ಬರುತ್ತಿದ್ದದ್ದು ತಂತಿ ಮಾತ್ರ. 1999ರಲ್ಲಿ ಪಾರ್ಥಿವ ಶರೀರಗಳು ಹುಟ್ಟೂರಿಗೆ ಬಂದವು, ಟಿವಿ ಕ್ಯಾಮೆರಾಗಳೂ ಬಂದವು. ಪರಿಹಾರ ಧನ, ಪೆಟ್ರೋಲ್ ಬಂಕ್, ಗ್ಯಾಸ್ ಏಜೆನ್ಸಿ ಘೋಷಣೆಯಾದವು. ಒಳ್ಳೇದೇ. ಆದರೆ ಇಷ್ಟು ದೊಡ್ಡ ದುಡ್ಡು ಒಮ್ಮೆಲೇ ಬಂದಾಗ ಮನೆಯೊಳಗೆ ಏನಾಗುತ್ತದೆ ಅಂತ ಯಾರೂ ಯೋಚಿಸಿರಲಿಲ್ಲ. ಇಪ್ಪತ್ತೆರಡರ ವಿಧವೆ, ಆಕೆಯ ಹೆಸರಿನಲ್ಲಿ ಲಕ್ಷಗಟ್ಟಲೆ ಹಣ, ಮನೆಯಲ್ಲಿ ಮದುವೆಯಾಗದ ಮೈದುನ. ಮೈದುನನನ್ನೇ ಮದುವೆಯಾಗು ಅನ್ನೋ ಒತ್ತಡದ ಸುದ್ದಿಗಳು ಆ ದಿನಗಳಲ್ಲಿ ಉತ್ತರ ಭಾರತದಿಂದ ಮೇಲಿಂದ ಮೇಲೆ ಬಂದವು. ಅತ್ತೆ ಮಾವಂದಿರದ್ದೂ ತಪ್ಪು ಅಂತ ಪೂರ್ತಿ ಹೇಳೋಕಾಗಲ್ಲ. ಅವರೂ ಮಗನನ್ನು ಕಳೆದುಕೊಂಡವರೇ, ವಯಸ್ಸಾದವರೇ.

ಕರ್ನಾಟಕದಲ್ಲಿ ಈ ವಿಷಯವನ್ನು ಹಚ್ಚಿಕೊಂಡು ಕೆಲಸ ಮಾಡಿದವರು ಸುಭಾಷಿಣಿ ವಸಂತ್. ನಟಿ ರುಕ್ಮಿಣಿ ವಸಂತ್ ಅವರ ಅಮ್ಮ ಅಂದರೆ ತಟ್ಟನೆ ಗೊತ್ತಾಗುತ್ತದೆ, ಅಲ್ವಾ? ಅವರ ಪತಿ ಕರ್ನಲ್ ವಸಂತ್ ವೇಣುಗೋಪಾಲ್ ಬೆಂಗಳೂರಿನವರು, ಮರಾಠಾ ಲೈಟ್ ಇನ್‌ಫೆಂಟ್ರಿಯ 9ನೇ ಬೆಟಾಲಿಯನ್‌ನ ಕಮಾಂಡಿಂಗ್ ಆಫೀಸರ್. 2007ರ ಜುಲೈ 31ರಂದು ಕಾಶ್ಮೀರದ ಉರಿ ಬಳಿ, ಒಳನುಸುಳುತ್ತಿದ್ದ ಉಗ್ರರನ್ನು ತಡೆಯುವಾಗ ಮಡಿದರು. ಮರುವರ್ಷದ ಗಣರಾಜ್ಯೋತ್ಸವದಲ್ಲಿ ಅವರಿಗೆ ಅಶೋಕ ಚಕ್ರ ಸಂದಿತು.

ಸುಭಾಷಿಣಿ ಭರತನಾಟ್ಯ ಕಲಾವಿದೆ. ಗಂಡನ ಹೆಸರಿನಲ್ಲಿ ವಸಂತರತ್ನ ಫೌಂಡೇಶನ್ ಕಟ್ಟಿದರು. ಹುತಾತ್ಮರ ಕುಟುಂಬಗಳನ್ನು, ಅದರಲ್ಲೂ ಹಳ್ಳಿಗಳ ಜವಾನರ ಹೆಂಡತಿ ಮಕ್ಕಳನ್ನು ಒಟ್ಟು ಸೇರಿಸಿದರು. ಮಕ್ಕಳ ಓದಿಗೆ ನೆರವು, ಹೆಂಗಸರಿಗೆ ಆಪ್ತ ಸಲಹೆ. ನನಗೆ ಇದರಲ್ಲಿ ಮುಖ್ಯ ಅನಿಸೋದು ಆ ಒಟ್ಟು ಸೇರಿಸಿದ್ದು. ಕಂಟೋನ್ಮೆಂಟಿನಲ್ಲಿ ಇರುವಷ್ಟು ದಿನ ಸೈನಿಕನ ಹೆಂಡತಿಗೆ ಅಕ್ಕಪಕ್ಕದಲ್ಲಿ ತನ್ನಂಥವರೇ ಇರುತ್ತಾರೆ. 1966ರಲ್ಲಿ ಶುರುವಾದ ಸೇನಾ ಪತ್ನಿಯರ ಕಲ್ಯಾಣ ಸಂಘವೂ ಇದೆ. ಗಂಡ ಹೋದ ಮೇಲೆ ಕ್ವಾರ್ಟರ್ಸ್ ಬಿಡಬೇಕು. ಊರಿಗೆ ಬಂದರೆ ಅಲ್ಲಿ ಆಕೆ ಒಬ್ಬಳೇ. ವೇದಿಕೆಯಲ್ಲಿ ವೀರನಾರಿ ಅಂತ ಶಾಲು ಹೊದಿಸುತ್ತಾರೆ. ಅದೇ ಊರಿನ ಅರಿಶಿನ ಕುಂಕುಮಕ್ಕೆ ಕರೆಯೋಕೆ ಹಿಂದೆ ಮುಂದೆ ನೋಡುತ್ತಾರೆ.

ಆಮೇಲೆ ಕಾಗದಪತ್ರ. ಸೈನಿಕನ ಮದುವೆಯಾದರೆ ಯೂನಿಟ್ ಅದನ್ನು ‘ಪಾರ್ಟ್ 2 ಆರ್ಡರ್’ ಹೊರಡಿಸಿ ದಾಖಲಿಸಬೇಕು. ಅದು ಆಗದಿದ್ದರೆ ಸೇನೆಯ ಲೆಕ್ಕದಲ್ಲಿ ಆಕೆ ಹೆಂಡತಿಯೇ ಅಲ್ಲ. ದಾಖಲಾಗಿದ್ದರೂ ಹೆಸರಿನ ಗೋಳು ಬೇರೆ. ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳನ್ನು ಅಂದುಕೊಳ್ಳಿ. ತವರಲ್ಲಿ ಶಾಲೆಗೆ ಸೇರಿಸಿದ ಹೆಸರು ನೀಲವ್ವ. ಮದುವೆಯಲ್ಲಿ ಅತ್ತೆ ಮನೆಯವರು ಇಟ್ಟಿದ್ದು ಲಕ್ಷ್ಮೀಬಾಯಿ. ಆಧಾರ್‌ನಲ್ಲಿ ಲಕ್ಷ್ಮವ್ವ. ಗಂಡ ಸರ್ವಿಸ್ ದಾಖಲೆಯಲ್ಲಿ ಬರೆಸಿದ್ದು ಬರೀ ಲಕ್ಷ್ಮಿ. ಈ ನಾಲ್ವರೂ ತಾನೇ ಅಂತ ಆಕೆ ಅಫಿಡವಿಟ್ ಮಾಡಿಸಬೇಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ, ರೆಜಿಮೆಂಟಿನ ರೆಕಾರ್ಡ್ ಆಫೀಸ್, ಬ್ಯಾಂಕ್ ಅಂತ ತಿರುಗಬೇಕು. ಮರಾಠಾ ರೆಜಿಮೆಂಟಿನದಾದರೆ ಪುಣ್ಯ, ಬೆಳಗಾವಿಯಲ್ಲೇ ಇದೆ. ಬೇರೆ ರೆಜಿಮೆಂಟ್ ಆದರೆ ಯಾವುದೋ ದೂರದ ರಾಜ್ಯಕ್ಕೆ ಪತ್ರ ಬರೆಯಬೇಕು. ಈಗ ಪಿಂಚಣಿಗೆ ಸ್ಪರ್ಶ್ ಅನ್ನೋ ಆನ್‌ಲೈನ್ ವ್ಯವಸ್ಥೆ ಬಂದಿದೆ. ಅದಕ್ಕೂ ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಅಂತ ತೋರಿಸಬೇಕು. ಇಂಗ್ಲಿಷ್ ಬರುವ ಅಧಿಕಾರಿಯ ಹೆಂಡತಿಗೂ ಇದು ತಲೆನೋವೇ. ಆದರೆ ಜವಾನನ ಹೆಂಡತಿಗೆ ಅರ್ಜಿ ತುಂಬಿಸೋಕೂ ಮೈದುನನೇ ಜೊತೆಗೆ ಬರಬೇಕು. ಅಲ್ಲಿಗೆ ಕಥೆ ಮತ್ತೆ ಅದೇ ಮನೆ ಬಾಗಿಲಿಗೆ ಬಂತು.

ಪಿಂಚಣಿಯ ವರ್ಗೀಕರಣದ ಜಗಳ ಎಷ್ಟು ದೂರ ಹೋಗುತ್ತದೆ ಅನ್ನೋದಕ್ಕೆ 2024ರ ಡಿಸೆಂಬರ್ 3ರ ಸುಪ್ರೀಂ ಕೋರ್ಟ್ ತೀರ್ಪು ನೋಡಿ. 2013ರ ಜನವರಿಯಲ್ಲಿ ಗಡಿ ನಿಯಂತ್ರಣ ರೇಖೆ ಬಳಿ ಗಸ್ತಿನಲ್ಲಿದ್ದ ನಾಯಕ್ ದರ್ಜೆಯ ಯೋಧರೊಬ್ಬರು ವಿಪರೀತ ಚಳಿಗೆ ಹೃದಯ ನಿಂತು ಸತ್ತರು. ಮೊದಲು ಯುದ್ಧದ ಸಾವು ಅಂತ ಬರೆದರು. ಆಮೇಲೆ ಬರೀ ಸೇವೆಯ ಕಾರಣದ ಸಾವು ಅಂತ ಬದಲಿಸಿದರು. ಅಲ್ಲಿಗೆ ಶೇ 100ರ ಪಿಂಚಣಿ ತಪ್ಪಿತು. ಆ ಹೆಂಗಸು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಿ 2019ರಲ್ಲಿ ಗೆದ್ದರು. ಸರ್ಕಾರ ಸುಮ್ನೆ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ, ಈ ವಿಧವೆಯನ್ನು ಕೋರ್ಟಿಗೆ ಎಳೆಯಲೇಬಾರದಿತ್ತು ಅಂತ ಹೇಳಿ ಸರ್ಕಾರಕ್ಕೇ 50,000 ರೂಪಾಯಿ ದಂಡದ ವೆಚ್ಚ ಹಾಕಿತು. ಗಂಡ ಸತ್ತು ಆಗ ಹನ್ನೊಂದು ವರ್ಷ ಕಳೆದಿತ್ತು.

ಅದೇ 2024ರಲ್ಲಿ ಗಾಳಿ ಬೇರೆ ಕಡೆಗೂ ಬೀಸಿತು. ಸಿಯಾಚಿನ್‌ನ ಬೆಂಕಿಯಲ್ಲಿ ಮಡಿದು ಕೀರ್ತಿ ಚಕ್ರ ಪಡೆದ ಸೇನಾ ವೈದ್ಯರೊಬ್ಬರ ತಂದೆ ತಾಯಿ, ಎಲ್ಲ ಸೊಸೆಗೇ ಹೋಯಿತು ಅಂತ ಟಿವಿ ಮುಂದೆ ಬಂದರು. ಸಾಮಾಜಿಕ ಜಾಲತಾಣಗಳಲ್ಲಿ ಆ ಹುಡುಗಿಯನ್ನು ಜನ ಬೈದ ರೀತಿ ನೋಡಿದರೆ, ವೀರನಾರಿ ಅನ್ನೋ ಗೌರವ ಎಷ್ಟು ತೆಳ್ಳಗಿದೆ ಅಂತ ಗೊತ್ತಾಗುತ್ತಿತ್ತು. ವಿಮೆ, ಭವಿಷ್ಯನಿಧಿಯನ್ನು ಯೋಧ ತಾನೇ ನಾಮಿನೇಷನ್‌ನಲ್ಲಿ ಹಂಚಬಹುದು. ಮದುವೆಯಾದ ಯೋಧನ ಪಿಂಚಣಿ ಮಾತ್ರ ನಿಯಮದಂತೆ ಹೆಂಡತಿಗೆ. ತಂದೆ ತಾಯಿಗೂ ಒಂದು ಪಾಲು ಕೊಡಿ ಅನ್ನೋ ಬೇಡಿಕೆ ನ್ಯಾಯವೇ. ಅದನ್ನು ಸರ್ಕಾರ ತನ್ನ ಜೇಬಿನಿಂದ ಕೊಡಬೇಕೋ, ಸೊಸೆಯ ತಟ್ಟೆಯಿಂದ ತೆಗೆದು ಕೊಡಬೇಕೋ ಅನ್ನೋದೇ ಪ್ರಶ್ನೆ. ನನ್ನ ಓಟು ಮೊದಲನೆಯದಕ್ಕೆ.

ಈ ಪ್ರಶ್ನೆ ಈಗ ಮತ್ತೊಂದು ರೂಪ ತಾಳಿದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರುವವರು ಅವಿವಾಹಿತರಾಗಿರಬೇಕು, ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ಹಾಗಾಗಿ ಅಗ್ನಿವೀರ ಸತ್ತರೆ ಕಚೇರಿ ಬಾಗಿಲಲ್ಲಿ ನಿಲ್ಲೋದು ಹೆಂಡತಿಯಲ್ಲ, ಅಮ್ಮ. ಆಕೆಗೆ 48 ಲಕ್ಷದ ವಿಮೆ ಉಂಟು, ಕರ್ತವ್ಯದಲ್ಲಿ ಸತ್ತಿದ್ದರೆ 44 ಲಕ್ಷದ ಪರಿಹಾರವೂ ಉಂಟು. ಕುಟುಂಬ ಪಿಂಚಣಿ ಇಲ್ಲ. ಮಾಮೂಲಿ ಯೋಧರ ಕುಟುಂಬಕ್ಕೆ ಕೊಡುವುದನ್ನೇ ಇವರಿಗೂ ಕೊಡಿ ಅಂತ 2024ರಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ ಶಿಫಾರಸು ಮಾಡಿತು.